ರಕ್ತದ ಭೇದವನ್ನು ಕಂಡ ಕಾರ್ಲ್ ಲ್ಯಾಂಡ್‌ಸ್ಟೈನರ್

ರಕ್ತದಲ್ಲಿ ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳಿವೆ ಎಂಬುದನ್ನು ನಮ್ಮ ಮಕ್ಕಳು ವಿಜ್ಞಾನ ಪಾಠದಲ್ಲಿ ಬಾಯಿಪಾಠ ಮಾಡುತ್ತಾರೆ. ಆ ಮಾತಿನ ಹಿಂದಿರುವ ಬಾಳನ್ನೂ ನಾವು ಅವರಿಗೆ ತಿಳಿಸಬೇಕು.

ಕಾರ್ಲ್ ಲ್ಯಾಂಡ್‌ಸ್ಟೈನರ್ 1868ರ ಜೂನ್ 14ರಂದು ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪದ ಬಾಡೆನ್‌ನಲ್ಲಿ ಜನಿಸಿದರು. ಪತ್ರಕರ್ತರಾಗಿದ್ದ ತಂದೆ ಬೇಗನೆ ತೀರಿಕೊಂಡರು. ತಾಯಿ ಫ್ಯಾನಿ ಮಗನನ್ನು ಸಾಕಿ ಬೆಳೆಸಿದರು. 1891ರಲ್ಲಿ ವೈದ್ಯ ಪದವಿ ಪಡೆದ ಅವರು ರಸಾಯನಶಾಸ್ತ್ರವನ್ನೂ ಅಭ್ಯಸಿಸಿ, ಪ್ರಯೋಗಾಲಯದ ಬದುಕನ್ನು ಆರಿಸಿಕೊಂಡರು.

ಆ ಕಾಲದಲ್ಲಿ ಇನ್ನೊಬ್ಬರ ರಕ್ತ ಪಡೆದ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಐವರು ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಕೆಂಪು ಕಣಗಳನ್ನೂ ತಿಳಿಯಾದ ಸೀರಮ್ಮನ್ನೂ ಬೇರ್ಪಡಿಸಿ, ಒಬ್ಬರದನ್ನು ಮತ್ತೊಬ್ಬರದರೊಡನೆ ಬೆರೆಸಿ ನೋಡಿದರು. ಕೆಲವು ಮಿಶ್ರಣಗಳಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿದವು. ಕೆಲವುಗಳಲ್ಲಿ ಏನೂ ಆಗಲಿಲ್ಲ. ಎಲ್ಲರೂ ಆರೋಗ್ಯವಂತರೇ. ಆದ್ದರಿಂದ ಇದು ರೋಗವಲ್ಲ, ಸಹಜವಾದ ಭೇದ ಎಂದು ಅವರು ಅರಿತರು. ಸೀರಮ್ಮಿನಲ್ಲಿರುವ ಪ್ರತಿಕಾಯಗಳು ತಮ್ಮದಲ್ಲದ ಕಣಗಳನ್ನು ಗುರುತಿಸಿ ಅವುಗಳ ಮೇಲೆರಗುತ್ತವೆ. 1901ರಲ್ಲಿ ಅವರು ಮೂರು ಗುಂಪುಗಳನ್ನು ಪ್ರಕಟಿಸಿದರು. ನಾಲ್ಕನೆಯದನ್ನು ಮರುವರ್ಷ ಅವರ ಸಹವರ್ತಿಗಳು ಕಂಡರು.

ಲೋಕ ಇದನ್ನು ಬೇಗ ಕೈಗೆತ್ತಿಕೊಳ್ಳಲಿಲ್ಲ. ನ್ಯೂಯಾರ್ಕಿನ ವೈದ್ಯ ರೂಬೆನ್ ಆಟನ್‌ಬರ್ಗ್ ರಕ್ತ ನೀಡುವ ಮುನ್ನ ಇಬ್ಬರ ರಕ್ತವನ್ನು ಬೆರೆಸಿ ಪರೀಕ್ಷಿಸಿದ್ದು 1907ರಲ್ಲಿ. ಮೊದಲ ಮಹಾಯುದ್ಧದ ನಂತರ ವಿಯೆನ್ನಾ ಬಡತನಕ್ಕೆ ಸಿಲುಕಿದಾಗ ಲ್ಯಾಂಡ್‌ಸ್ಟೈನರ್ 1919ರಲ್ಲಿ ಹಾಲೆಂಡಿಗೆ, ಅಲ್ಲಿಂದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ತೆರಳಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. 1940ರಲ್ಲಿ ಅಲೆಗ್ಸಾಂಡರ್ ವೀನರ್ ಜೊತೆಗೂಡಿ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲೇ ಹೃದಯಾಘಾತಕ್ಕೆ ಒಳಗಾಗಿ, 26ರಂದು ನಿಧನರಾದರು.

ಎರಡು ವರ್ಷಗಳ ಬಳಿಕ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು, ಬರಿಯ ಬೆರಕೆಗೆ ಸಿಗದ ಪ್ರತಿಕಾಯಗಳನ್ನೂ ಹಿಡಿಯುವ ಪರೀಕ್ಷೆಯನ್ನು ರೂಪಿಸಿದರು. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದ ತಾಯಂದಿರಲ್ಲಿ ಇಂಥ ಹೊಸ ಪ್ರತಿಕಾಯಗಳು ಹುಟ್ಟಿರಬಹುದು. ಗುಂಪು ಒಂದೇ ಆಗಿದ್ದರೂ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷಿಸುವುದು ಇದಕ್ಕಾಗಿಯೇ. ಹಿಂದೆ ರಕ್ತ ಪಡೆದಾಗ ಚಳಿ, ಜ್ವರ, ಮೈತುರಿಕೆ, ದದ್ದು ಕಾಣಿಸಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14 ಇಂದು ವಿಶ್ವ ರಕ್ತದಾನಿಗಳ ದಿನ. ಭೇದವಿರುವುದು ಅಪಾಯವಲ್ಲ, ಅದನ್ನು ಅರಿಯದೆ ಬೆರೆಸುವುದು ಅಪಾಯ ಎಂಬ ಅವರ ಬಾಳಿನ ಪಾಠವನ್ನು ಆ ದಿನ ನಮ್ಮ ಶಾಲೆಗಳಲ್ಲಿ ಕನ್ನಡದಲ್ಲೇ ಹೇಳೋಣ.