ಅಡಿಕೆ ತೋಟಕ್ಕೆ ನೀಲಿ ಮದ್ದು ತಂದ ಕೋಲ್ಮನ್

ಶಿರಸಿ: ಮುಂಗಾರು ಬಿರುಸಾಗುವ ಮುನ್ನವೇ ಹೆಗಡೆಕಟ್ಟಾ ಸುತ್ತಲಿನ ಅಡಿಕೆ ತೋಟಗಳಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ದ್ರಾವಣ ಸಿದ್ಧವಾಗುತ್ತದೆ. ಕೊನೆಗೌಡ ಮರವೇರಿ ಅದನ್ನು ಕೊನೆಗಳಿಗೆ ಸಿಂಪಡಿಸುತ್ತಾನೆ. ಫ್ರಾನ್ಸಿನ ದ್ರಾಕ್ಷಿ ತೋಟಗಳ ಈ ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಿಕೆಗೆ ಹೊಂದಿಸಿದ ಕೀರ್ತಿ ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರದು.

ಕೋಲ್ಮನ್ ಜನಿಸಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಪದವಿಯ ಬಳಿಕ ಜರ್ಮನಿಯ ಗಟಿಂಗೆನ್‌ನಲ್ಲಿ ಸಂಶೋಧನೆ ಕೈಗೊಂಡರು. ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆಯೇ ಅವರ ವಿಷಯ. ಸೊಪ್ಪಿನ ಬೆಟ್ಟದಿಂದ ತಂದು ಹಾಸಿದ ಸೊಪ್ಪು ಕೊಳೆತು ಅಡಿಕೆ ಮರಕ್ಕೆ ಆಹಾರವಾಗುವಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಆದರೆ ಮಣ್ಣಿನಲ್ಲಿ ನೈಟ್ರೇಟ್ ಇದ್ದ ಮಾತ್ರಕ್ಕೆ ಅದು ಬೇರಿನೊಳಗೆ ಹೋಗುವುದಿಲ್ಲ. ಬೇರಿನ ಕೋಶಪೊರೆಯಲ್ಲಿರುವ ಎಟಿಪೇಸ್ ಎಂಬ ಕಿಣ್ವವು ಶಕ್ತಿ ವ್ಯಯಿಸಿ ಜಲಜನಕದ ಅಯಾನುಗಳನ್ನು ಹೊರದೂಡುತ್ತದೆ. ಅವು ಮರಳಿ ಒಳಬರುವಾಗ ನೈಟ್ರೇಟ್ ಅನ್ನು ಜೊತೆಗೆ ಕರೆತರುತ್ತವೆ. ಈ ಕಿಣ್ವದ ಕಾರ್ಯ ವಿಜ್ಞಾನಿಗಳಿಗೆ ತಿಳಿದದ್ದು ಕೋಲ್ಮನ್ ಕಾಲದ ನಂತರ.

1908ರಲ್ಲಿ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಮೈಸೂರಿಗೆ ಬಂದ ಅವರಿಗೆ ಎದುರಾದದ್ದು ಕೊಳೆರೋಗ. ಜಡಿಮಳೆಯಲ್ಲಿ ಎಳೆ ಅಡಿಕೆ ಕೊಳೆತು ಉದುರಿದರೆ ವರ್ಷದ ಆದಾಯವೇ ಹೋದಂತೆ. ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಆಗ ಬೆಳೆಗಾರರಿಗಿದ್ದ ದಾರಿ. ಫೈಟಾಫ್ಥೊರ ಜಾತಿಯ ಸೂಕ್ಷ್ಮಜೀವಿ ಈ ರೋಗಕ್ಕೆ ಕಾರಣವೆಂದು ಕೋಲ್ಮನ್ 1910ರ ವರದಿಯಲ್ಲಿ ವಿವರಿಸಿದರು. ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ ಹರಡುವ ಅದರ ಬೀಜಾಣುಗಳನ್ನು ತಡೆಯಲು ಬೋರ್ಡೋ ದ್ರಾವಣ ಬಳಸಿದರು. ಮಳೆಗೆ ಕೊಚ್ಚಿ ಹೋಗದಂತೆ ಅದಕ್ಕೆ ರಾಳದ ಅಂಟನ್ನೂ ಸೇರಿಸಿದರು.

ಈಗಿನ ರೂಢಿಯಂತೆ ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ, ಸುಣ್ಣ. ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಕತ್ತಿಯ ಮೇಲೆ ಕೆಂಪು ಲೇಪ ಮೂಡಿದರೆ ಸುಣ್ಣ ಸಾಲದು ಎಂದರ್ಥ. ಪ್ರಯೋಗಾಲಯ ಬೇಡದ ಪರೀಕ್ಷೆಯಿದು! ಕಾಯಿಗೆ ಅಂಟಿದ ಪದರದಿಂದ ತಾಮ್ರದ ಅಯಾನುಗಳು ನಿಧಾನವಾಗಿ ಬಿಡುಗಡೆಯಾಗಿ ಬೀಜಾಣುಗಳನ್ನು ಸೇರುತ್ತವೆ, ಅವುಗಳ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಕೋಲ್ಮನ್ ಅವರ ಆಡಳಿತ ವ್ಯಾಪ್ತಿಯಲ್ಲಿ ಇರಲಿಲ್ಲ. ರೋಗಕ್ಕೆ ಮಾತ್ರ ಗಡಿಯ ಹಂಗಿರಲಿಲ್ಲ, ಮದ್ದೂ ಗಡಿಯಲ್ಲಿ ನಿಲ್ಲಲಿಲ್ಲ. ಮಲೆನಾಡಿನ ಬೆಳೆಗಾರರು ದೇವರ ಪಟಗಳ ಜೊತೆ ಕೋಲ್ಮನ್ ಅವರ ಭಾವಚಿತ್ರವನ್ನೂ ಇಟ್ಟುಕೊಂಡಿದ್ದರೆಂದು ಹೇಳುತ್ತಾರೆ.

ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, 1933ರ ಮಂಡ್ಯ ಸಕ್ಕರೆ ಕಂಪೆನಿ ಇವೆಲ್ಲದರ ಹಿಂದೆಯೂ ಅವರ ಶ್ರಮವಿದೆ. 1934ರಲ್ಲಿ ನಿವೃತ್ತರಾದ ಕೋಲ್ಮನ್ 1954ರಲ್ಲಿ ನಿಧನರಾದರು.

ಅವರ ಮದ್ದು ಉಳಿಯಿತು, ಅದರೊಂದಿಗೆ ತಾಮ್ರವೂ. ಕೊನೆಯಿಂದ ತೊಟ್ಟಿಕ್ಕಿದ ತಾಮ್ರ ಸುಲಭವಾಗಿ ತೊಳೆದು ಹೋಗದೆ ತೋಟದ ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತದೆ. ಕೆಲವು ಕಿಣ್ವಗಳ ರಚನೆಗೆ ಗಿಡಕ್ಕೂ ತಾಮ್ರ ಬೇಕು, ಆದರೆ ಅತ್ಯಲ್ಪ. ಅತಿಯಾದರೆ ಬೇರಿನ ಕೋಶಪೊರೆ ಹಾಳಾಗಿ ಪೊಟ್ಯಾಸಿಯಂ ಸೋರಿಹೋಗುತ್ತದೆ. ಕಬ್ಬಿಣದ ಹೀರುವಿಕೆಗೂ ಅಡ್ಡಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ತಾಮ್ರ ಬೇರಿಗೆ ಹೆಚ್ಚು ಸುಲಭವಾಗಿ ಸಿಗುತ್ತದೆ. ಮಲೆನಾಡಿನ ಮಣ್ಣು ಬಹುಪಾಲು ಹುಳಿಯೇ. ಹಾಗಾಗಿ ಮಣ್ಣಿಗೆ ಸುಣ್ಣ ಹಾಕುವುದು ಈ ತೋಟಗಳಲ್ಲಿ ಎರಡು ಬಗೆಯಲ್ಲಿ ಉಪಕಾರಿ. ಸಿಂಪರಣೆ ಬೇಡವೆನ್ನುವ ಕೆಲವರು ಹಳೆಯ ಕೊಟ್ಟೆಯನ್ನೇ ಪ್ಲಾಸ್ಟಿಕ್ ರೂಪದಲ್ಲಿ ಕಟ್ಟುವುದೂ ಉಂಟು.