ಪರದೆಯ ಮುಂದಿನ ಕಲಾವಿದ: ವಿನ್ಸರ್ ಮೆಕೇಯ ಜೀವನ ಮತ್ತು ಕಲೆ

ತೊಗಲುಗೊಂಬೆಯಾಟದಲ್ಲಿ ಗೊಂಬೆಯಾಡಿಸುವವನು ಪರದೆಯ ಹಿಂದಿರುತ್ತಾನೆ. ಪ್ರೇಕ್ಷಕರಿಗೆ ಕಾಣುವುದು ಗೊಂಬೆಯ ಬಣ್ಣದ ನೆರಳು, ಕೇಳುವುದು ಅವನ ದನಿ. ಅಮೆರಿಕದ ಆನಿಮೇಶನ್ ಕಲೆಯ ಆದ್ಯರಲ್ಲೊಬ್ಬನಾದ ವಿನ್ಸರ್ ಮೆಕೇ ಪರದೆಯ ಮುಂದೆ ನಿಂತು ತನ್ನ ಚಿತ್ರವನ್ನು ಆಡಿಸಿದವನು. ಕೃತಿಯ ಪಕ್ಕದಲ್ಲಿಯೇ ಕಲಾವಿದನು ನಿಲ್ಲುವ ಈ ಅವಕಾಶವನ್ನು ಆತ ಪಡೆದ ಹಾಗೂ ಕಳೆದುಕೊಂಡ ಬಗೆಯು ಅವನ ಜೀವನದ ಮುಖ್ಯ ಎಳೆಯಾಗಿದೆ.

ಮೆಕೇಯ ಜನನವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ. 1867ರಿಂದ 1871ರವರೆಗಿನ ಬೇರೆ ಬೇರೆ ವರ್ಷಗಳು ಸೂಚಿತವಾಗಿವೆ. ಅವನು ಬೆಳೆದದ್ದು ಮಿಚಿಗನ್ ರಾಜ್ಯದ ಸ್ಪ್ರಿಂಗ್ ಲೇಕ್‌ನಲ್ಲಿ. ತಂದೆ ವಾಣಿಜ್ಯ ಶಿಕ್ಷಣಕ್ಕೆಂದು ಇಪ್ಸಿಲಾಂಟಿಗೆ ಕಳುಹಿಸಿದರೂ, ಮಗ ಡೆಟ್ರಾಯಿಟ್‌ನ ಪ್ರದರ್ಶನಶಾಲೆಯಲ್ಲಿ ಜನರ ಭಾವಚಿತ್ರಗಳನ್ನು ಬರೆಯತೊಡಗಿದನು. ಅಧ್ಯಾಪಕ ಜಾನ್ ಗುಡಿಸನ್‌ನಿಂದ ದೂರ-ಸಮೀಪಗಳನ್ನು ಗೆರೆಯಲ್ಲಿ ತೋರಿಸುವ ಕ್ರಮವನ್ನು ಕಲಿತನು. ಮುಂದೆ ಶಿಕಾಗೋ ಮತ್ತು ಸಿನ್ಸಿನಾಟಿಗಳಲ್ಲಿ ಭಿತ್ತಿಚಿತ್ರ, ಪತ್ರಿಕಾಚಿತ್ರಗಳ ಕೆಲಸ ಮಾಡಿ 1903ರಲ್ಲಿ ನ್ಯೂಯಾರ್ಕ್ ಸೇರಿದನು. ಅಲ್ಲಿನ ಹೆರಾಲ್ಡ್ ಪತ್ರಿಕೆಯಲ್ಲಿ 1905ರ ಅಕ್ಟೋಬರ್ 15ರಂದು ಆರಂಭವಾದ ‘ಲಿಟ್ಲ್ ನೀಮೋ ಇನ್ ಸ್ಲಂಬರ್‌ಲ್ಯಾಂಡ್’ ಚಿತ್ರಸರಣಿಯು ಅವನಿಗೆ ಖ್ಯಾತಿ ತಂದಿತು. 1906ರಿಂದ ಆತ ರಂಗಮಂದಿರಗಳಲ್ಲಿಯೂ ಪ್ರೇಕ್ಷಕರೆದುರು ಸೀಮೆಸುಣ್ಣದಿಂದ ವೇಗವಾಗಿ ಚಿತ್ರ ಬರೆಯುತ್ತಿದ್ದನು.

ಈ ಎರಡು ಅನುಭವಗಳು ಕೂಡಿದಾಗ ಅವನ ಆನಿಮೇಶನ್ ಹುಟ್ಟಿತು. 1911ರ ‘ಲಿಟ್ಲ್ ನೀಮೋ’ ಚಿತ್ರಕ್ಕೆ ಸುಮಾರು 4,000 ಹಾಳೆಗಳನ್ನು ಬರೆದನು. 1914ರ ‘ಗರ್ಟೀ ದಿ ಡೈನೋಸಾರ್’ ಚಿತ್ರಕ್ಕೆ ಸಾವಿರಾರು ತೆಳು ಹಾಳೆಗಳು ಬೇಕಾದವು. ಪ್ರತಿ ಹಾಳೆಯಲ್ಲಿಯೂ ಹಿನ್ನೆಲೆಯನ್ನು ಮತ್ತೆ ಬರೆಯಬೇಕಿತ್ತು. ಆ ಕೆಲಸವನ್ನು ನೆರೆಯ ಯುವಕ ಜಾನ್ ಫಿಟ್ಜ್‌ಸಿಮನ್ಸ್ ಮಾಡಿದನು. ಚಲನೆಯ ಪ್ರಮುಖ ಭಂಗಿಗಳನ್ನು ಮೊದಲು ಬರೆದು, ಅವುಗಳ ನಡುವಣ ಹಂತಗಳನ್ನು ಅನಂತರ ತುಂಬುವ ವಿಧಾನವನ್ನು ಮೆಕೇ ಅನುಸರಿಸಿದನು. ರಂಗದ ಮೇಲೆ ಚಾಟಿ ಹಿಡಿದು ಆತ ಆಜ್ಞೆ ಮಾಡಿದರೆ ಪರದೆಯ ಪ್ರಾಣಿ ತಲೆಬಾಗುತ್ತಿತ್ತು, ಮುನಿಯುತ್ತಿತ್ತು, ಗದರಿದರೆ ಅಳುತ್ತಿತ್ತು. ಕೊನೆಯಲ್ಲಿ ಆತನೇ ಚಿತ್ರದೊಳಗೆ ಹೊಕ್ಕಂತೆ ತೋರುತ್ತಿತ್ತು. ಚಿತ್ರಕ್ಕೆ ಸ್ವಭಾವವನ್ನು ಕೊಟ್ಟದ್ದು ಮೆಕೇಯ ವಿಶೇಷ ಸಾಧನೆ ಎನ್ನಬಹುದು.

ಆದರೆ ಆತ ಪತ್ರಿಕೆಯ ನೌಕರನೂ ಆಗಿದ್ದನು. 1911ರಿಂದ ಆತ ಕೆಲಸ ಮಾಡುತ್ತಿದ್ದ ಪತ್ರಿಕೆಗಳ ಒಡೆಯ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್‌ಗೆ ಮೆಕೇಯ ರಂಗಪ್ರದರ್ಶನಗಳು ಹಿಡಿಸಲಿಲ್ಲ. ಅವುಗಳಿಗೆ ಕಡಿವಾಣ ಬಿದ್ದಿತು. ಸಂಪಾದಕೀಯ ಬರಹಗಳಿಗೆ ಚಿತ್ರ ಬರೆಯುವುದೇ ಮುಖ್ಯ ಕೆಲಸವಾಯಿತು. ಬಿಡುವಿನ ವೇಳೆಯಲ್ಲಿ ಸುಮಾರು ಎರಡು ವರ್ಷ ಶ್ರಮಿಸಿ 1918ರಲ್ಲಿ ‘ದಿ ಸಿಂಕಿಂಗ್ ಆಫ್ ದಿ ಲುಸಿಟಾನಿಯಾ’ ಚಿತ್ರವನ್ನು ಹೊರತಂದನು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಮುಳುಗಿದ ಹಡಗಿನ ದುರಂತ ಇದರ ವಸ್ತು. ಇಲ್ಲಿ ಮೆಕೇ ಪಾರದರ್ಶಕ ಹಾಳೆಗಳನ್ನು ಬಳಸಿದ್ದರಿಂದ ಹಿನ್ನೆಲೆಯನ್ನು ಪ್ರತಿಸಲವೂ ಬರೆಯುವ ಹೊರೆ ತಪ್ಪಿತು. ನಗಿಸುವ ಮಾಧ್ಯಮವೆಂದು ತಿಳಿಯಲಾಗಿದ್ದ ಆನಿಮೇಶನ್ ಶೋಕವನ್ನೂ ಹೊರಬಲ್ಲದೆಂಬುದನ್ನು ಈ ಚಿತ್ರ ತೋರಿಸಿತು.

ಅದೇ ಕಾಲದಲ್ಲಿ ಜಾನ್ ರ‍್ಯಾಂಡಾಲ್ಫ್ ಬ್ರೇ ಮೊದಲಾದವರು ಈ ಕಲೆಯನ್ನು ಕಾರ್ಖಾನೆಯ ಕ್ರಮಕ್ಕೆ ಒಗ್ಗಿಸಿದರು. ಬ್ರೇ ತಂತ್ರಗಳಿಗೆ ಪೇಟೆಂಟ್ ಪಡೆದನು. ಒಬ್ಬರು ಗೆರೆ, ಮತ್ತೊಬ್ಬರು ಹಿನ್ನೆಲೆ ಎಂಬಂತೆ ಕೆಲಸ ಹಂಚಿಹೋಯಿತು. ವಾರವಾರವೂ ಚಿತ್ರ ಬೇಕೆನ್ನುವ ಮಾರುಕಟ್ಟೆಗೆ ಮೆಕೇಯ ನಿಧಾನದ ಕಸುಬು ಹೊಂದಲಿಲ್ಲ. 1921ರ ಬಳಿಕ ಅವನ ಹೊಸ ಆನಿಮೇಶನ್ ಚಿತ್ರಗಳು ಬರಲಿಲ್ಲ. 1927ರಲ್ಲಿ ನ್ಯೂಯಾರ್ಕ್‌ನ ಆನಿಮೇಶನ್ ಕಲಾವಿದರು ಏರ್ಪಡಿಸಿದ ಗೌರವಕೂಟದಲ್ಲಿ, ಕಲೆಯಾಗಬೇಕಾದುದನ್ನು ವ್ಯಾಪಾರವಾಗಿಸಿದರೆಂದು ಆತ ನೇರವಾಗಿಯೇ ಆಕ್ಷೇಪಿಸಿದನು. 1934ರ ಜುಲೈ 26ರಂದು ಬ್ರೂಕ್ಲಿನ್‌ನಲ್ಲಿ ನಿಧನನಾದನು.

ಕೆಲಸದ ಹಂಚಿಕೆಯಿಲ್ಲದೆ ಆನಿಮೇಶನ್ ಇಷ್ಟು ಜನರನ್ನು ತಲುಪುತ್ತಿರಲಿಲ್ಲವೆಂಬುದು ನಿಜ. ಆದರೆ ಆ ಹಂಚಿಕೆಯಲ್ಲಿ ಗೆರೆ ಎಳೆದ ಕೈ ಮರೆಗೆ ಸರಿಯಿತು. ಗೊಂಬೆಯಾಡಿಸುವವನು ಕಾಣದಿದ್ದರೂ ಅವನ ದನಿಯಾದರೂ ಕೇಳುತ್ತದೆ; ಕಾರ್ಖಾನೆಯ ಚಿತ್ರಕಾರನಿಗೆ ಅದೂ ಉಳಿಯಲಿಲ್ಲ. ಮೆಕೇಯ ಆಕ್ಷೇಪವನ್ನು ಈ ನಷ್ಟದ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ.