ಭೂಲಾಭಾಯಿ ದೇಸಾಯಿ ಮತ್ತು ಕೆಂಪುಕೋಟೆಯ ಸೇನಾ ನ್ಯಾಯಾಲಯ

1945ರ ಡಿಸೆಂಬರ್ 17ರಂದು ದೆಹಲಿಯ ಕೆಂಪುಕೋಟೆಯೊಳಗಿನ ಕಟ್ಟಡವೊಂದರ ಮೇಲಂತಸ್ತಿನಲ್ಲಿ, ಸಮವಸ್ತ್ರ ಧರಿಸಿದ ಏಳು ಮಂದಿ ಸೇನಾಧಿಕಾರಿಗಳ ಮುಂದೆ, ಅರವತ್ತೆಂಟು ವರ್ಷದ ವಕೀಲರೊಬ್ಬರು ವಾದಕ್ಕೆ ನಿಂತರು. ಆರೋಗ್ಯ ಅದಾಗಲೇ ಕೈಕೊಟ್ಟಿತ್ತು. ಅವರ ಪಕ್ಷವೂ ಆ ವೇಳೆಗೆ ಅವರನ್ನು ಹೆಚ್ಚುಕಡಿಮೆ ಕೈಬಿಟ್ಟಿತ್ತು. ಆದರೂ ಅವರು ಎರಡು ದಿನಗಳ ಕಾಲ, ಒಟ್ಟು ಸುಮಾರು ಹತ್ತು ಗಂಟೆ ಮಾತನಾಡಿದರು. ಎಂಬತ್ತೇಳು ವರ್ಷಗಳ ಹಿಂದೆ, 1858ರಲ್ಲಿ, ಕೊನೆಯ ಮೊಘಲ್ ದೊರೆ ಬಹದ್ದೂರ್ ಷಾ ಜಫರ್‌ನ ಸೇನಾ ವಿಚಾರಣೆ ನಡೆದದ್ದೂ ಇದೇ ಕೋಟೆಯಲ್ಲಿ. ಅಂದು ಮುದಿ ದೊರೆಯ ಪರವಾಗಿ ಗಟ್ಟಿಯಾಗಿ ಮಾತನಾಡುವವರು ಇರಲಿಲ್ಲ. ಈ ಬಾರಿ ಭೂಲಾಭಾಯಿ ದೇಸಾಯಿ ಇದ್ದರು.

ಆಜಾದ್ ಹಿಂದ್ ಫೌಜಿನ ವಿಚಾರಣೆ ಎಂದೊಡನೆ ನಮಗೆ ನೆನಪಾಗುವುದು ಆರೋಪಿಗಳಾದ ಷಾ ನವಾಜ್ ಖಾನ್, ಪ್ರೇಮ್ ಕುಮಾರ್ ಸೆಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್. ಅವರೊಂದಿಗೆ, ಎಷ್ಟೋ ವರ್ಷಗಳ ಮೇಲೆ ಬ್ಯಾರಿಸ್ಟರ್ ನಿಲುವಂಗಿ ತೊಟ್ಟು ಬಂದ ಜವಾಹರಲಾಲ್ ನೆಹರೂ. ವಾದದ ಹೊರೆಯನ್ನು ಹೊತ್ತವರು ಮಾತ್ರ ಭೂಲಾಭಾಯಿ. ಮುಂಬಯಿಯಲ್ಲಿ ಹಿಂದೆ ವಾರ್ಡನ್ ರಸ್ತೆಯಾಗಿದ್ದ ಬೀದಿಗೆ ಅವರ ಹೆಸರಿದೆ. ಆ ಹಾದಿಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತಿದ್ದೀತು?

ಭೂಲಾಭಾಯಿ ಹುಟ್ಟಿದ್ದು 1877ರ ಅಕ್ಟೋಬರ್ 13ರಂದು, ದಕ್ಷಿಣ ಗುಜರಾತಿನ ವಲ್ಸಾಡ್‌ನಲ್ಲಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಕೆಲಕಾಲ ಇಂಗ್ಲಿಷ್ ಮತ್ತು ಚರಿತ್ರೆಯ ಅಧ್ಯಾಪಕರಾಗಿದ್ದು, ಅಲ್ಲಿಯೇ ಕಾನೂನು ಅಭ್ಯಾಸ ಮಾಡಿ 1905ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಹಂತಹಂತವಾಗಿ ಮೇಲೇರಿ ನಗರದ ಅಗ್ರಗಣ್ಯ ವಕೀಲರಲ್ಲೊಬ್ಬರಾದರು. ಅಡ್ವೊಕೇಟ್ ಜನರಲ್ ಹುದ್ದೆಯನ್ನೂ ಕೆಲಕಾಲ ನಿರ್ವಹಿಸಿದರು. ಸ್ವತಂತ್ರ ಭಾರತದ ಮೊದಲ ಅಟಾರ್ನಿ ಜನರಲ್ ಆದ ಎಂ.ಸಿ. ಸೆಟಲ್‌ವಾಡ್ ಪಳಗಿದ್ದು ಅವರ ಕಚೇರಿಯಲ್ಲಿ. ಮುಂದೆ ಗುರುವಿನ ಜೀವನಚರಿತ್ರೆಯನ್ನು ಬರೆದವರೂ ಅವರೇ.

ರಾಜಕೀಯದಲ್ಲಿ ಅವರು ನಿಧಾನವಾಗಿ ನಡೆದು ಬಂದವರು. ಅನಿ ಬೆಸೆಂಟರ ಹೋಂ ರೂಲ್ ಚಳವಳಿ, ಬಳಿಕ ಉದಾರವಾದಿಗಳ ಸಹವಾಸ. ಅವರನ್ನು ಕಾಂಗ್ರೆಸ್ಸಿನತ್ತ ಎಳೆದದ್ದು ಬಾರ್ಡೋಲಿ. 1928ರ ರೈತ ಸತ್ಯಾಗ್ರಹದ ನಂತರ ಸರ್ಕಾರ ನೇಮಿಸಿದ ಬ್ರೂಮ್‌ಫೀಲ್ಡ್ ವಿಚಾರಣಾ ಸಮಿತಿಯ ಮುಂದೆ ರೈತರ ಪರವಾಗಿ ನಿಂತವರು ಅವರು. ಶೇ 22ರಷ್ಟು ಏರಿಸಲಾಗಿದ್ದ ಕಂದಾಯದ ಹೆಚ್ಚಳ ಆ ಸಮಿತಿಯ ಶಿಫಾರಸಿನಲ್ಲಿ ಶೇ 6ರ ಆಸುಪಾಸಿಗೆ ಇಳಿಯಿತು. 1930ರಲ್ಲಿ ಕಾಂಗ್ರೆಸ್ ಸೇರಿದರು, 1932ರಲ್ಲಿ ಸೆರೆಮನೆ ಕಂಡರು, 1934ರಲ್ಲಿ ಕೇಂದ್ರ ಶಾಸನಸಭೆಗೆ ಆಯ್ಕೆಯಾಗಿ ಅಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾದರು. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ ಮತ್ತೆ ಯರವಡಾ ಜೈಲು. ಅನಾರೋಗ್ಯದ ಕಾರಣ ಮರುವರ್ಷ ಬಿಡುಗಡೆ.

1942ರಲ್ಲಿ ಕಾಂಗ್ರೆಸ್ಸಿನ ಹಿರಿಯರೆಲ್ಲ ಜೈಲು ಸೇರಿದಾಗ ಭೂಲಾಭಾಯಿ ಹೊರಗಿದ್ದರು. ಆ ಅವಧಿಯಲ್ಲಿ ಮುಸ್ಲಿಂ ಲೀಗಿನ ಲಿಯಾಖತ್ ಅಲಿ ಖಾನರೊಂದಿಗೆ ಅವರು ಮಾತುಕತೆ ನಡೆಸಿದರು. ಕೇಂದ್ರದಲ್ಲಿ ಮಧ್ಯಂತರ ಸರ್ಕಾರ ರಚಿಸಿ, ಅದರಲ್ಲಿ ಕಾಂಗ್ರೆಸ್ಸಿಗೂ ಲೀಗಿಗೂ ಸಮಾನ ಸ್ಥಾನ ನೀಡುವುದು ಅದರ ಸಾರ. ಗಾಂಧೀಜಿಯವರ ಸಮ್ಮತಿ ತಮಗಿದೆಯೆಂದು ಭೂಲಾಭಾಯಿ ನಂಬಿದ್ದರು. ವಿಷಯ ಬಯಲಾದಾಗ ಲಿಯಾಖತ್ ಒಪ್ಪಂದವನ್ನೇ ಅಲ್ಲಗಳೆದರು. 1945ರ ಜೂನ್‌ನಲ್ಲಿ ಜೈಲಿನಿಂದ ಹೊರಬಂದ ಕಾಂಗ್ರೆಸ್ ನಾಯಕರು ಅಸಮಾಧಾನಗೊಂಡರು. ಮುಂದಿನ ಚುನಾವಣೆಯಲ್ಲಿ ಭೂಲಾಭಾಯಿಗೆ ಪಕ್ಷದ ಟಿಕೆಟ್ ದೊರೆಯಲಿಲ್ಲ. ತನ್ನ ಶಾಸನಸಭಾ ನಾಯಕನನ್ನು ಮನೆಗೆ ಕಳುಹಿಸಿದ ಪಕ್ಷವೇ, ಅದೇ ವರ್ಷ, ದೇಶದ ಕಣ್ಣೆಲ್ಲ ನೆಟ್ಟಿದ್ದ ಮೊಕದ್ದಮೆಗೆ ಅವರ ಪ್ರತಿಭೆಯನ್ನು ಆಶ್ರಯಿಸಬೇಕಾಗಿ ಬಂತು. ಅವರು ಮರುಮಾತಿಲ್ಲದೆ ಒಪ್ಪಿದರು. ಅವರ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಒಪ್ಪಿಗೆಯೇ.

ಅವರು ಕಾಲಿಟ್ಟದ್ದು ನಲವತ್ತು ವರ್ಷ ತಾವು ಪಳಗಿದ್ದ ಬಗೆಯ ನ್ಯಾಯಾಲಯಕ್ಕಲ್ಲ. ಹೈಕೋರ್ಟಿನ ನ್ಯಾಯಾಧೀಶನಿಗೆ ಮೊಕದ್ದಮೆ ಹೂಡಿದವರ ಹಂಗಿಲ್ಲ. ಕೋರ್ಟ್ ಮಾರ್ಷಲ್‌ನಲ್ಲಿ ಆರೋಪ ಹೊರಿಸುವುದು, ನ್ಯಾಯಾಲಯವನ್ನು ಕರೆಯುವುದು, ಅದರ ಸದಸ್ಯರನ್ನು ಆರಿಸುವುದು ಎಲ್ಲವೂ ಸೇನೆಯ ಅಧಿಕಾರ ಶ್ರೇಣಿಯ ಕೆಲಸ. ಸದಸ್ಯರು ಕಾನೂನು ಓದಿದವರಾಗಿರಬೇಕಿಲ್ಲ. ಕಾನೂನಿನ ಅಂಶಗಳನ್ನು ತಿಳಿಹೇಳಲು ಜಡ್ಜ್ ಅಡ್ವೊಕೇಟ್ ಎಂಬ ಅಧಿಕಾರಿ ಜೊತೆಗಿರುತ್ತಾನೆ, ಆತನಿಗೆ ಮತವಿಲ್ಲ. ಮುಚ್ಚಿದ ಬಾಗಿಲ ಹಿಂದೆ ಸದಸ್ಯರು ಅಭಿಪ್ರಾಯ ಹೇಳುವಾಗ ಎಲ್ಲರಿಗಿಂತ ಕಿರಿಯನು ಮೊದಲು ಬಾಯಿ ತೆರೆಯಬೇಕು. ಹಿರಿಯನ ಮಾತು ಕೇಳಿದ ಮೇಲೆ ಕಿರಿಯನಿಗೆ ಸ್ವಂತ ಅಭಿಪ್ರಾಯ ಉಳಿಯುವುದು ಕಷ್ಟವೆಂಬ ಅರಿವು ಸೇನೆಗೆ ಮೊದಲಿನಿಂದಲೂ ಇದೆ. ಇಷ್ಟೆಲ್ಲ ಆಗಿ ಕೊಟ್ಟ ತೀರ್ಪು ತೀರ್ಪಾಗುವುದು ದೃಢೀಕರಿಸುವ ಅಧಿಕಾರಿಯ ಸಹಿ ಬಿದ್ದ ಮೇಲೆ. ಅಲ್ಲಿಯವರೆಗೆ ಅದು ಬರಿಯ ಕಾಗದ.

ಕೆಂಪುಕೋಟೆಯ ನ್ಯಾಯಾಲಯಕ್ಕೆ ಮೇಜರ್ ಜನರಲ್ ಬ್ಲ್ಯಾಕ್ಸ್‌ಲ್ಯಾಂಡ್ ಅಧ್ಯಕ್ಷ. ಏಳು ಸದಸ್ಯರಲ್ಲಿ ನಾಲ್ವರು ಬ್ರಿಟಿಷರು, ಮೂವರು ಭಾರತೀಯರು. ಸರ್ಕಾರದ ಪರ ಭಾರತದ ಅಡ್ವೊಕೇಟ್ ಜನರಲ್ ಸರ್ ನೌಶೀರವಾನ್ ಎಂಜಿನಿಯರ್. ದೊರೆಯ ವಿರುದ್ಧ ಯುದ್ಧ ಹೂಡಿದ ಆರೋಪ ಮೂವರ ಮೇಲೂ ಇತ್ತು. ಅದು ಭಾರತೀಯ ದಂಡಸಂಹಿತೆಯ 121ನೇ ಕಲಮಿನ ಅಪರಾಧ. 1911ರ ಸೇನಾ ಕಾಯಿದೆಯ 41ನೇ ಕಲಮು ಅಂಥ ಸಾಮಾನ್ಯ ಅಪರಾಧಗಳನ್ನೂ ಸೇನಾ ನ್ಯಾಯಾಲಯದ ವ್ಯಾಪ್ತಿಗೆ ತಂದಿತ್ತು. ಫೌಜನ್ನು ತೊರೆದು ಓಡಿದ ಯೋಧರನ್ನು ಕೊಲ್ಲಿಸಿದರೆಂಬ ಆರೋಪಗಳು ಬೇರೆ.

ಆರೋಪಿಗಳು ಯುದ್ಧ ಮಾಡಿದ್ದನ್ನು ಭೂಲಾಭಾಯಿ ನಿರಾಕರಿಸಲಿಲ್ಲ. ಆ ಯುದ್ಧ ಅಪರಾಧವೇ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸ್ಥಾಪನೆಯಾದ ಆಜಾದ್ ಹಿಂದ್ ಸರ್ಕಾರಕ್ಕೆ ಮಂತ್ರಿಮಂಡಲವಿತ್ತು, ಜಪಾನ್, ಜರ್ಮನಿ ಮೊದಲಾದ ದೇಶಗಳ ಮಾನ್ಯತೆಯಿತ್ತು, ತನ್ನದೇ ಸೈನ್ಯ ಮತ್ತು ಆ ಸೈನ್ಯಕ್ಕೊಂದು ಕಾಯಿದೆಯಿತ್ತು. ಇದನ್ನು ಸ್ಥಾಪಿಸಲು ಜಪಾನಿನ ರಾಜತಾಂತ್ರಿಕರನ್ನೇ ಸಾಕ್ಷಿಗಳಾಗಿ ದೆಹಲಿಗೆ ಕರೆತರಲಾಯಿತು. ಯುದ್ಧ ಸಾರುವ ಯೋಗ್ಯತೆಯುಳ್ಳ ಸರ್ಕಾರದ ಯೋಧನು ರಣರಂಗದಲ್ಲಿ ಮಾಡಿದ ಕಾರ್ಯಕ್ಕೆ ವ್ಯಕ್ತಿಯಾಗಿ ಶಿಕ್ಷಾರ್ಹನಲ್ಲ. ವಿಮೋಚನೆಗಾಗಿ ಹೋರಾಡುವ ಪರಾಧೀನ ಜನಾಂಗಕ್ಕೂ ಈ ಹಕ್ಕಿದೆ ಎಂಬುದು ವಾದದ ತಿರುಳು. ಅಮೆರಿಕದ ವಸಾಹತುಗಳು ಇದೇ ದೊರೆತನದ ವಿರುದ್ಧ ಬಂಡೆದ್ದದ್ದನ್ನೂ ಅವರು ನೆನಪಿಸಿದರು. ಇನ್ನು ನಿಷ್ಠೆಯ ಮಾತು. 1942ರ ಫೆಬ್ರವರಿಯಲ್ಲಿ ಸಿಂಗಪುರದ ಫ್ಯಾರರ್ ಪಾರ್ಕಿನಲ್ಲಿ ಭಾರತೀಯ ಸೈನಿಕರನ್ನು ಜಪಾನೀಯರ ಕೈಗೊಪ್ಪಿಸಿದ್ದು ಬ್ರಿಟಿಷ್ ಅಧಿಕಾರಿಯೇ. ದೊರೆಗೂ ದೇಶಕ್ಕೂ ನಡುವೆ ಆಯ್ಕೆ ಮಾಡಬೇಕಾಗಿ ಬಂದಾಗ ದೇಶವನ್ನು ಆರಿಸಿದವನು ದ್ರೋಹಿಯಲ್ಲ ಎಂದು ಅವರು ವಾದಿಸಿದರು.

ಕೊಲೆಯ ಆರೋಪಗಳಿಗೆ ಅವರು ಕೊಟ್ಟ ಉತ್ತರ ಅಪ್ಪಟ ವಕೀಲನದು: ಮರಣದಂಡನೆ ವಿಧಿಸಿದ್ದಕ್ಕೆ ದಾಖಲೆಯಿರಬಹುದು, ಅದು ಜಾರಿಯಾದದ್ದಕ್ಕೆ ನಂಬಲರ್ಹ ಪುರಾವೆಯಿಲ್ಲ. ಓಡಿಹೋದವನಿಗೆ ಗುಂಡಿಕ್ಕುವ ಸೈನಿಕ ನ್ಯಾಯ ಬ್ರಿಟಿಷರ ಸೇನೆಯಲ್ಲಿ ಇದ್ದಂತೆ ನೇತಾಜಿಯ ಸೇನೆಯಲ್ಲಿಯೂ ಇತ್ತು. ಆ ಬಡ ಸಿಪಾಯಿಗಳ ಪರ ವಕೀಲರಾರೂ ಇರಲಿಲ್ಲವೆಂಬುದನ್ನು ಈ ಮೊಕದ್ದಮೆಯ ವೈಭವದಲ್ಲಿ ನಾವು ಮರೆತುಬಿಡುತ್ತೇವೆ.

ಎಂಜಿನಿಯರ್ ಅವರ ಪ್ರತ್ಯುತ್ತರ ಸರಳವಾಗಿತ್ತು. ಈ ನ್ಯಾಯಾಲಯ ಹುಟ್ಟಿದ್ದು ಸೇನಾ ಕಾಯಿದೆಯಿಂದ. ಆ ಕಾಯಿದೆಯ ಕಣ್ಣಿಗೆ ಆರೋಪಿಗಳು ಇನ್ನೂ ದೊರೆಯ ಅಧಿಕಾರಿಗಳು. ಸೆರೆಸಿಕ್ಕ ಮಾತ್ರಕ್ಕೆ ನಿಷ್ಠೆಯ ಬಂಧ ಕಳಚುವುದಿಲ್ಲ. ತಾನು ಯಾವ ಕಾಯಿದೆಯ ಕೂಸೋ ಆ ಕಾಯಿದೆಯ ತಳಹದಿಯನ್ನೇ ಅಲುಗಿಸುವ ವಾದವನ್ನು ಕೋರ್ಟ್ ಮಾರ್ಷಲ್ ಎತ್ತಿಹಿಡಿಯುವುದೆಂದು ಭೂಲಾಭಾಯಿಯೂ ನಿರೀಕ್ಷಿಸಿರಲಾರರು. ಯುದ್ಧ ಹೂಡಿದ ಆರೋಪದಲ್ಲಿ ಮೂವರೂ ದೋಷಿಗಳೆಂದು ನ್ಯಾಯಾಲಯ ನಿರ್ಣಯಿಸಿತು. ಸೆಹಗಲ್ ಮತ್ತು ಧಿಲ್ಲೋನ್ ಕೊಲೆಗೆ ಸಂಬಂಧಿಸಿದ ಆರೋಪಗಳಿಂದ ಪಾರಾದರು; ಷಾ ನವಾಜ್ ಪಾರಾಗಲಿಲ್ಲ. 121ನೇ ಕಲಮಿನಡಿ ನ್ಯಾಯಾಲಯದ ಮುಂದೆ ಎರಡೇ ದಾರಿ: ಗಲ್ಲು ಅಥವಾ ಆಜೀವ ಗಡೀಪಾರು. ಅದು ಎರಡನೆಯದನ್ನು ಆರಿಸಿತು. ಜೊತೆಗೆ ಸೇನೆಯಿಂದ ವಜಾ, ಬಾಕಿ ವೇತನದ ಮುಟ್ಟುಗೋಲು.

ಸಹಿ ಹಾಕಬೇಕಾದವರು ಪ್ರಧಾನ ಸೇನಾಧಿಪತಿ ಆಕಿನ್‌ಲೆಕ್. 1946ರ ಜನವರಿ 3ರಂದು ಅವರು ಗಡೀಪಾರಿನ ಶಿಕ್ಷೆಯನ್ನು ಮನ್ನಾ ಮಾಡಿದರು. ವಜಾ ಮತ್ತು ಮುಟ್ಟುಗೋಲನ್ನು ಉಳಿಸಿಕೊಂಡರು. ಮೂವರೂ ಅಂದೇ ಕೋಟೆಯಿಂದ ಹೊರನಡೆದರು. ಆಕಿನ್‌ಲೆಕ್ ಭೂಲಾಭಾಯಿಯ ಅಂತರರಾಷ್ಟ್ರೀಯ ಕಾನೂನಿಗೆ ತಲೆಬಾಗಿದರೆಂದು ಭಾವಿಸಬೇಕಾಗಿಲ್ಲ. ಶಿಕ್ಷೆ ಜಾರಿಯಾದರೆ ದೇಶ ಹೊತ್ತಿ ಉರಿಯುವುದೆಂದೂ ತಮ್ಮ ಸೇನೆಯೇ ಕೈಯಲ್ಲಿ ಉಳಿಯದೆಂದೂ ಅವರು ಲೆಕ್ಕ ಹಾಕಿದ್ದರು. ಆದರೆ ದೇಶವನ್ನು ಆ ಬಿಸಿಗೆ ತಂದುದರಲ್ಲಿ, ಪತ್ರಿಕೆಗಳ ಮೂಲಕ ದಿನದಿನವೂ ಜನರನ್ನು ಮುಟ್ಟಿದ ಆ ವಾದದ ಪಾಲು ಸಣ್ಣದಲ್ಲ. ಮರುತಿಂಗಳೇ ಫೌಜಿನ ಇನ್ನೊಬ್ಬ ಅಧಿಕಾರಿ ಅಬ್ದುಲ್ ರಷೀದ್ ಅವರ ಆಜೀವ ಶಿಕ್ಷೆ ಏಳು ವರ್ಷದ ಕಠಿಣ ಸಜೆಗೆ ಇಳಿಯಿತೇ ಹೊರತು ಮನ್ನಾ ಆಗಲಿಲ್ಲ, ಕಲ್ಕತ್ತ ದಂಗೆಯೆದ್ದಿತು. ಆ ಮೊಕದ್ದಮೆಯಲ್ಲಿ ಕ್ರೌರ್ಯದ ಆರೋಪಗಳಿದ್ದವು ಎಂಬುದು ಸರ್ಕಾರದ ಸಮರ್ಥನೆ. ಕರುಣೆಯಾಗಲಿ ಕಾಠಿಣ್ಯವಾಗಲಿ ಹೊರಟದ್ದು ಮಾತ್ರ ದಂಡು ನಡೆಸುವವರ ಮೇಜಿನಿಂದ.

ಈ ಮೇಜನ್ನು ಸ್ವತಂತ್ರ ಭಾರತ ತೆಗೆದುಹಾಕಲಿಲ್ಲ. 1950ರ ಸೇನಾ ಕಾಯಿದೆಯ ಪ್ರಕಾರ ಜನರಲ್ ಕೋರ್ಟ್ ಮಾರ್ಷಲ್‌ಗೆ ಕನಿಷ್ಠ ಐವರು ಅಧಿಕಾರಿಗಳು ಬೇಕು. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ದೃಢೀಕರಣವಾಗದೆ ಅದರ ಯಾವ ನಿರ್ಣಯವೂ ಊರ್ಜಿತವಲ್ಲ. ದೃಢೀಕರಿಸುವ ಅಧಿಕಾರಿಗೆ ತೀರ್ಪು ಹಿಡಿಸದಿದ್ದರೆ, ಖುಲಾಸೆಯೇ ಆಗಿದ್ದರೂ, ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸಾಮಾನ್ಯ ಕಳ್ಳನಿಗೂ ಇದ್ದ ಮೇಲ್ಮನವಿಯ ಹಕ್ಕು ಯೋಧನಿಗೆ ಇಲ್ಲವೆಂದು 1982ರ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖೇದ ವ್ಯಕ್ತಪಡಿಸಿತು. ಅದಕ್ಕೆ ಉತ್ತರವಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯಿದೆ ಬರಲು 2007ರವರೆಗೆ, ಮಂಡಳಿ ಕೆಲಸ ಆರಂಭಿಸಲು 2009ರವರೆಗೆ ಕಾಯಬೇಕಾಯಿತು. ಈ ಏರ್ಪಾಟನ್ನು ನಮಗೆ ಬಿಟ್ಟುಹೋದ ಬ್ರಿಟನ್ ತಾನು 1996ರಲ್ಲಿ ದೃಢೀಕರಣ ಪದ್ಧತಿಯನ್ನೇ ಕಾಯಿದೆಯಿಂದ ಕಿತ್ತುಹಾಕಿತು. ಮರುವರ್ಷ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಫಿಂಡ್ಲೆ ಪ್ರಕರಣದಲ್ಲಿ, ಆರೋಪಿಸುವವನೇ ನ್ಯಾಯಾಲಯ ಕರೆದು ತೀರ್ಪನ್ನೂ ದೃಢೀಕರಿಸುವ ಆ ಹಳೆಯ ಕ್ರಮ ನಿಷ್ಪಕ್ಷಪಾತವಲ್ಲವೆಂದು ಹೇಳಿತು. ಶಿಸ್ತಿಗಾಗಿ ಅಧಿಕಾರಿಯ ಕೈಯಲ್ಲಿ ದಂಡವಿರಬೇಕೆಂಬ ವಾದದಲ್ಲಿ ತಥ್ಯವಿಲ್ಲವೆಂದಲ್ಲ. ಜೀವಾವಧಿ ಸಜೆಯಂಥ ಶಿಕ್ಷೆಗೂ ಅದೇ ಕೈ ಏಕೆ ಬೇಕೆಂಬುದಕ್ಕೆ ನಮ್ಮಲ್ಲಿ ಸಮರ್ಪಕ ಉತ್ತರ ಇನ್ನೂ ಬಂದಿಲ್ಲ.

ಭೂಲಾಭಾಯಿ ಆ ಬಿಡುಗಡೆಯ ಸಂಭ್ರಮವನ್ನು ಹೆಚ್ಚು ದಿನ ನೋಡಲಿಲ್ಲ. ತಿಂಗಳುಗಟ್ಟಲೆಯ ದುಡಿಮೆ ಮೊದಲೇ ಬಳಲಿದ್ದ ದೇಹವನ್ನು ಹಿಂಡಿತ್ತು. 1946ರ ಮೇ 6ರಂದು ಅವರು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನೂ ಹದಿನೈದು ತಿಂಗಳಿತ್ತು. ಅವರು ಬಿಡಿಸಿ ತಂದ ಷಾ ನವಾಜ್ ಮುಂದೆ ಸಂಸತ್ ಸದಸ್ಯರಾದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಆದರೆ ಆಕಿನ್‌ಲೆಕ್ ಉಳಿಸಿಕೊಂಡಿದ್ದ ವಜಾ ಆದೇಶವನ್ನು ಸ್ವತಂತ್ರ ಸರ್ಕಾರವೂ ಹಿಂತೆಗೆದುಕೊಂಡು ಅವರನ್ನು ಸೇನೆಗೆ ಮರಳಿಸಲಿಲ್ಲ. ಕೆಂಪುಕೋಟೆಯಿಂದ ಹೊರಬಂದ ಮೂವರೂ ಸಮವಸ್ತ್ರವನ್ನು ಮತ್ತೆ ತೊಡಲಿಲ್ಲ.